ಬುಲ್ಖ್ ಮತ್ತು ರಿಗೋಸ್, ಎರಡೂ ಬೆಟ್ಟ ಒಂದೇ ದಿನ ಸೈಕಲ್‌ನಲ್ಲಿ ಹತ್ತೋದು ಆಗುತ್ತಾ?

ಹೊಸ ಸವಾರ:

ಎಲ್ಲರಿಗೂ ನಮಸ್ಕಾರ. ವೇಲ್ಸ್‌ನ ಕಾರ್ಡಿಫ್‌ಗೆ ಬಂದು ಮೂರು ವರ್ಷ ಆಯಿತು, ಸೈಕಲ್ ಹಿಡಿದು ಒಂದೂವರೆ ವರ್ಷ. ಇಲ್ಲಿಯವರೆಗೆ ಓಡಿಸಿದ್ದೆಲ್ಲ ಹೆಚ್ಚುಕಡಿಮೆ ಸಮತಟ್ಟು ದಾರಿ. ಟಾಫ್ ನದಿ ಪಕ್ಕದಲ್ಲೇ ಪಾಂಟಿಪ್ರಿಡ್‌ವರೆಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಕೆರ್ಫಿಲಿ ಬೆಟ್ಟ ಹತ್ತುತ್ತೇನೆ. ಅದು ಚಿಕ್ಕ ಬೆಟ್ಟವೇ, ಆದರೂ ಮೇಲೆ ಹೋಗುವಷ್ಟರಲ್ಲಿ ಎದೆ ಡವಡವ ಅನ್ನುತ್ತದೆ.

ಈಗ ನಮ್ಮ ಕ್ಲಬ್‌ನವರು ಮುಂದಿನ ತಿಂಗಳು ಕಣಿವೆಗಳ ಕಡೆ ಒಂದು ಸುತ್ತು ಹೊರಟಿದ್ದಾರೆ. ರೇಸ್ ಅಲ್ಲ, ಯಾರೂ ಟೈಮ್ ನೋಡುವುದಿಲ್ಲ. ಟ್ರಿಯಾರ್ಕಿಯಿಂದ ಶುರು. ಬುಲ್ಖ್ ಹತ್ತಿ ಕಮ್ಮರ್ ಕಡೆ ಇಳಿದು, ಆವಾನ್ ಕಣಿವೆಯಲ್ಲಿ ಹೋಗಿ, ಕಿಮ್ಲ ದಾಟಿ ನೀತ್ ಸೇರಿ, ಅಲ್ಲಿಂದ ಗ್ಲಿನ್‌ನೀತ್, ಹಿರ್ವೈನ್, ಕೊನೆಗೆ ರಿಗೋಸ್ ಬೆಟ್ಟ ಹತ್ತಿ ಟ್ರಿಹರ್ಬರ್ಟ್‌ಗೆ ಇಳಿದು ವಾಪಸ್ ಟ್ರಿಯಾರ್ಕಿ. ಸುಮಾರು 75 ಕಿ.ಮೀ. ದೂರಕ್ಕೆ ಹೆದರಿಕೆ ಇಲ್ಲ, 80 ಓಡಿಸಿದ್ದೇನೆ. ಹೆದರಿಕೆ ಇರುವುದು ಆ ಎರಡು ಬೆಟ್ಟಕ್ಕೆ. ಅದರಲ್ಲೂ ಎರಡನೆಯದು ಕೊನೆಯಲ್ಲಿ ಬರುತ್ತದಲ್ಲ, ಅಷ್ಟು ಹೊತ್ತಿಗೆ ಕಾಲಲ್ಲಿ ಏನಾದರೂ ಉಳಿದಿರುತ್ತದಾ?

ನನ್ನ ಸೈಕಲ್‌ನಲ್ಲಿ ಮುಂದೆ ಚಿಕ್ಕ ಚಕ್ರ 34 ಹಲ್ಲು, ಹಿಂದೆ ದೊಡ್ಡದು 28. ಇದು ಸಾಕಾ? ಇನ್ನೊಂದು ವಿಷಯ, ಹೇಳಲು ಸ್ವಲ್ಪ ಸಂಕೋಚ, ನನಗೆ ಹತ್ತುವುದಕ್ಕಿಂತ ಇಳಿಯುವುದಕ್ಕೇ ಭಯ ಜಾಸ್ತಿ. ಗಂಟೆಗೆ 40 ದಾಟಿದರೆ ಕೈ ತಾನಾಗಿ ಬ್ರೇಕ್ ಹಿಡಿದುಬಿಡುತ್ತದೆ. ಈ ದಾರಿಯಲ್ಲಿ ಓಡಿಸಿದವರು ದಯವಿಟ್ಟು ಹೇಳಿ. ಹೋಗಲೋ, ಇನ್ನೊಂದು ವರ್ಷ ಕಾಯಲೋ?

ಕಣಿವೆಯವನು:

ಹೋಗಿ. ಖಂಡಿತ ಹೋಗಿ. ನಾನು ಟ್ರಿಯಾರ್ಕಿ ಇರುವ ರೊಂದ ಕಣಿವೆಯಲ್ಲೇ ಹನ್ನೊಂದು ವರ್ಷದಿಂದ ಇದ್ದೇನೆ. ಈ ಸುತ್ತು ಎಷ್ಟು ಸಲ ಹಾಕಿದ್ದೇನೋ ಲೆಕ್ಕವಿಲ್ಲ. ಒಂದು ಮಾತು ಮಾತ್ರ ನೆನಪಿಟ್ಟುಕೊಳ್ಳಿ. ನಿಮ್ಮ ದಿನ ಕೆಡುವುದು ರಿಗೋಸ್‌ನಲ್ಲಿ ಅಲ್ಲ, ಬುಲ್ಖ್‌ನಲ್ಲಿ. ಅಲ್ಲಿ ಗುಂಪಿನ ಜೊತೆ ಜೋಶ್‌ನಲ್ಲಿ ಏರಿದವರೇ ಮೂರು ಗಂಟೆ ಆದಮೇಲೆ ರಿಗೋಸ್ ಬುಡದಲ್ಲಿ ಕಾಲು ಹಿಡಿದುಕೊಂಡು ನಿಲ್ಲುವುದು.

ಬುಲ್ಖ್ ಅಂದರೆ ಇಲ್ಲಿನ ವೆಲ್ಷ್ ಭಾಷೆಯಲ್ಲಿ ಘಾಟಿ ಅಂತ ಅರ್ಥ. ಟ್ರಿಯಾರ್ಕಿ ಬಿಟ್ಟು ಎ4061 ರಸ್ತೆಯಲ್ಲಿ ಹೊರಟರೆ ಮನೆಗಳ ಸಾಲು ಮುಗಿಯುವ ಮೊದಲೇ ಏರು ಶುರುವಾಗಿರುತ್ತದೆ. ಇದು ಈ ಕಣಿವೆಗಳ ಲಕ್ಷಣ. ಒಂದಕ್ಕೊಂದು ಅಂಟಿದ ಮನೆಗಳು, ಎರಡೂ ಕಡೆ ನಿಂತ ಕಾರುಗಳು, ಆಮೇಲೆ ಒಂದು ತಿರುವು, ಅಷ್ಟೇ, ಬರೀ ಹುಲ್ಲು, ಕುರಿ, ಆಕಾಶ. ಮೇಲೆ ಸುಮಾರು 450 ಮೀಟರ್ ಎತ್ತರಕ್ಕೆ ಹೋಗುತ್ತೀರಿ. ಸರಾಸರಿ ಏರು ಶೇ. 5ರಿಂದ 6. ಗೋಡೆಯ ಹಾಗೆ ಎದುರು ನಿಲ್ಲುವ ಜಾಗ ಇಲ್ಲ. ಆದರೆ ಬಿಡುವು ಕೂಡ ಇಲ್ಲ. ಒಂದೇ ಸಮ ಏರುತ್ತಲೇ ಇರುತ್ತದೆ. ಇಂಥ ಏರಿನಲ್ಲಿ ಅವಸರ ಮಾಡದವರಿಗೆ ಯಾವಾಗಲೂ ಲಾಭ.

ಹೇಗೆ ಏರಬೇಕು ಅಂದರೆ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೆ ಒಮ್ಮೆ ಉಸಿರು ಎಳೆಯುತ್ತಿದ್ದರೆ ಜೋರಾಯಿತು ಅಂತ ಅರ್ಥ, ಒಂದು ಗೇರ್ ಇಳಿಸಿ. ಬೇರೆಯವರು ಮುಂದೆ ಹೋದರೆ ಹೋಗಲಿ ಬಿಡಿ. ಮೇಲೆ ಮೂರು ರಸ್ತೆ ಸೇರುವ ಜಾಗದಲ್ಲಿ ಎಲ್ಲರೂ ನಿಂತೇ ನಿಲ್ಲುತ್ತಾರೆ. ಬಿಸಿಲಿದ್ದರೆ ಅಲ್ಲಿ ಐಸ್‌ಕ್ರೀಮ್ ಗಾಡಿಯೂ ಇರುತ್ತದೆ.

ಗೇರ್ ವಿಷಯ. 34-28ರಲ್ಲಿ ಒಂದು ಸುತ್ತು ಪೆಡಲ್ ತುಳಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ. ಚೂರು ಜಾಸ್ತಿ. ಶೇ. 8 ಏರಿನಲ್ಲಿ ಆ ವೇಗ ಹಿಡಿದಿಡಲು, ನೀವು ಮತ್ತು ಸೈಕಲ್ ಸೇರಿ 85 ಕಿಲೋ ಅಂತ ಇಟ್ಟುಕೊಂಡರೆ, ಬರೀ ಮೇಲೆತ್ತುವುದಕ್ಕೇ 165 ವಾಟ್‌ನಷ್ಟು ಬೇಕು. ಗಾಳಿ, ಟಯರ್ ಎಲ್ಲ ಅದರ ಮೇಲೆ. ಹೊಸಬರಿಗೆ ಅರ್ಧ ಗಂಟೆ ಅದನ್ನು ಹಿಡಿದಿಡುವುದು ಕಷ್ಟ. ಆಗ ಕಾಲು ನಿಧಾನವಾಗುತ್ತದೆ, ನಿಮಿಷಕ್ಕೆ 45, 40, ಪ್ರತಿ ಸುತ್ತಿಗೂ ಮಂಡಿ ಮೇಲೆ ಭಾರ. ಹಿಂದೆ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಜೋಡಣೆ) ಹಾಕಿಸಿ. ಒಂದು ಸುತ್ತಿಗೆ 2.1 ಮೀಟರ್ ಅಷ್ಟೇ ಹೋಗುತ್ತದೆ, ಆದರೆ ಕಾಲು ಆರಾಮಾಗಿ ತಿರುಗುತ್ತಿರುತ್ತದೆ. ಹಾಕಿಸುವ ಮೊದಲು ನಿಮ್ಮ ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ, 34 ತಡೆಯುತ್ತದಾ ಕೇಳಿ, ಚೈನ್ ಉದ್ದವನ್ನೂ ನೋಡಿಸಿ. ಹಳೆ ಚೈನ್ ಗಿಡ್ಡ ಇದ್ದರೆ ದೊಡ್ಡದು-ದೊಡ್ಡದು ಸೇರಿದಾಗ ಬಿಗಿದುಕೊಂಡು ಡಿರೇಲರನ್ನೇ ಕಿತ್ತುಬಿಡುತ್ತದೆ.

ದಿಕ್ಕು ಬದಲಾಯಿಸಲು ಮಾತ್ರ ಒಪ್ಪಬೇಡಿ. ಇಲ್ಲಿ ಗಾಳಿ ಹೆಚ್ಚಿನ ದಿನ ನೈಋತ್ಯದಿಂದ ಬರುತ್ತದೆ. ಬುಲ್ಖ್ ಹತ್ತಿ ಸಮುದ್ರದ ಕಡೆ ಹೋಗುವಾಗ ಅದು ಎದುರಿಗೆ, ನಿಜ. ಆದರೆ ಅದು ಬೆಳಗ್ಗೆ, ಕಾಲು ಹೊಸದಾಗಿರುವಾಗ. ನೀತ್‌ನಿಂದ ಗ್ಲಿನ್‌ನೀತ್‌ಗೆ ಕಣಿವೆ ನೇರ ಈಶಾನ್ಯಕ್ಕೆ ಹೋಗುತ್ತದೆ. ಆಗ ಅದೇ ಗಾಳಿ ಬೆನ್ನಿಗೆ. ಯಾರೋ ಹಿಂದಿನಿಂದ ಕೈ ಇಟ್ಟು ತಳ್ಳಿದ ಹಾಗೆ ಇರುತ್ತದೆ. ಉಲ್ಟಾ ಹೋದರೆ ಸುಸ್ತಾದ ಹೊತ್ತಿಗೆ ಪೂರ್ತಿ ಎದುರುಗಾಳಿ.

ಮಳೆಹನಿ:

ಇಳಿಯುವ ಭಯದ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನನಗೂ ಎರಡು ವರ್ಷ ಅದೇ ಭಯ ಇತ್ತು. ಸಂಕೋಚ ಬೇಡ ತಮ್ಮಾ. ಭಯ ಇರುವುದು ಒಳ್ಳೆಯದೇ, ಕೈ ಬಿಗಿಯಾಗುವುದು ಮಾತ್ರ ಒಳ್ಳೆಯದಲ್ಲ.

ಮೊದಲನೆಯದು ಚಳಿ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನನ್ನ ಮೊದಲ ಸಲ ಬುಲ್ಖ್ ಮೇಲೆ ಹೋಗುವಷ್ಟರಲ್ಲಿ ಒಳಗಿನ ಬನಿಯನ್ ಬೆವರಿನಲ್ಲಿ ತೊಯ್ದಿತ್ತು. ಮೇಲೆ ನಿಂತು ಹತ್ತು ನಿಮಿಷ ಫೋಟೋ, ಮಾತು. ಆಮೇಲೆ ಹಾಗೇ ಇಳಿದೆ. ಜೂನ್ ತಿಂಗಳು, ಮಳೆ ಕೂಡ ಇರಲಿಲ್ಲ. ಅರ್ಧ ದಾರಿಗೆ ಬೆರಳು ಬ್ರೇಕ್ ಮೇಲೆ ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಆಯಿತು. ಬೆರಳು ಕಣ್ಣಿಗೆ ಕಾಣಿಸುತ್ತಿತ್ತು, ಆದರೆ ಒತ್ತಿದ್ದು ತಿಳಿಯುತ್ತಿರಲಿಲ್ಲ. ಅವತ್ತು ಪಕ್ಕಕ್ಕೆ ನಿಲ್ಲಿಸಿ ಕೈ ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡು ಐದು ನಿಮಿಷ ನಿಂತೆ. ಅಂದಿನಿಂದ ಜೇಬಲ್ಲಿ ತೆಳು ಗಾಳಿ ಕೋಟು ಮತ್ತು ಪೂರ್ತಿ ಬೆರಳಿನ ಗ್ಲೌಸ್ ಇಲ್ಲದೆ ಮನೆ ಬಿಡುವುದಿಲ್ಲ. ಮೇಲೆ ತಲುಪಿದ ತಕ್ಷಣ, ನೀರು ಕುಡಿಯುವ ಮೊದಲೇ, ಕೋಟು ಹಾಕಿಕೊಳ್ಳಿ. ಬೆವರು ಆರಲಿ ಅಂತ ಕಾಯಬೇಡಿ.

ಎರಡನೆಯದು ಬ್ರೇಕ್. ಬ್ರೇಕ್ ಹಿಡಿದುಕೊಂಡೇ ಇಳಿಯಬೇಡಿ. ನೇರ ದಾರಿಯಲ್ಲಿ ಬಿಡಿ, ತಿರುವಿಗೆ ಮೊದಲೇ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನ ಒಳಗೆ ಮತ್ತೆ ಬಿಡಿ. ನಿಮ್ಮದು ಡಿಸ್ಕ್ ಅಲ್ಲದೆ ರಿಮ್ ಹಿಡಿಯುವ ಬ್ರೇಕ್ ಆಗಿದ್ದರೆ ಮಳೆಯಲ್ಲಿ ಇನ್ನೂ ಮೊದಲೇ ಹಿಡಿಯಬೇಕು. ಚಕ್ರದ ಮೇಲಿನ ನೀರು ಒರೆಸಿ ಹೋಗುವವರೆಗೆ ಬ್ರೇಕ್ ಕಚ್ಚುವುದಿಲ್ಲ, ಆ ಒಂದೆರಡು ಕ್ಷಣದಲ್ಲಿ ನೀವು ಎಷ್ಟೋ ಮುಂದೆ ಹೋಗಿರುತ್ತೀರಿ. ಸವಾರಿಗೆ ಮೊದಲು ಪ್ಯಾಡ್ ನೋಡಿಸಿ, ನೋಡಿಸಿದ ಮೇಲೆ ನೀವೂ ಒಮ್ಮೆ ಕಣ್ಣಿಟ್ಟು ನೋಡಿ. ಒಮ್ಮೆ ಒಂದು ಅಂಗಡಿಯವರು ನನ್ನ ಸೈಕಲ್‌ಗೆ ಪ್ಯಾಡ್ ಸೊಟ್ಟಗೆ ಕೂರಿಸಿ ಕೊಟ್ಟಿದ್ದರು. ಅರ್ಧ ಪ್ಯಾಡ್ ಟಯರ್‌ಗೆ ಉಜ್ಜುತ್ತಿತ್ತು. ಮನೆಗೆ ಬಂದು ನೋಡದೆ ಇದ್ದಿದ್ದರೆ ಟಯರ್ ಪಕ್ಕ ಹರಿದೇ ಹೋಗುತ್ತಿತ್ತು.

ಮೂರನೆಯದು ಕಣ್ಣು. ತಿರುವಿನಲ್ಲಿ ಮುಂದಿನ ಚಕ್ರ ನೋಡಬೇಡಿ, ದಾರಿ ಎಲ್ಲಿ ಹೊರಗೆ ಬರುತ್ತದೋ ಅಲ್ಲಿ ನೋಡಿ. ರಸ್ತೆ ಮೇಲೆ ದೊಡ್ಡ ಬಿಳಿ ಅಕ್ಷರದಲ್ಲಿ 'ಅರಾವ್' ಅಂತ ಬರೆದಿರುವುದನ್ನು ನೋಡಿರುತ್ತೀರಲ್ಲ, ವೆಲ್ಷ್‌ನಲ್ಲಿ ನಿಧಾನ ಅಂತ. ಅದು ಸುಮ್ನೆ ಬರೆದದ್ದಲ್ಲ. ಅದರ ಮುಂದೆ ಏನೋ ಇದೆ ಅಂತಲೇ ಲೆಕ್ಕ. ಒಂದೊಂದು ಸಲ ಅದು ಕುರಿ. ಇಲ್ಲಿನ ಕುರಿಗಳು ಬಿಸಿಲಿನ ದಿನ ಬೆಚ್ಚಗಿರುತ್ತದೆ ಅಂತ ರಸ್ತೆ ಮೇಲೇ ಮಲಗುತ್ತವೆ. ತಾಯಿ ಈ ಕಡೆ, ಮರಿ ಆ ಕಡೆ ಇದ್ದರೆ ನಿಮ್ಮನ್ನು ನೋಡಿದ ಕೂಡಲೇ ಮರಿ ಅಡ್ಡ ಓಡಿ ತಾಯಿ ಹತ್ತಿರ ಹೋಗುತ್ತದೆ. ಮರಿ ಕಂಡರೆ ತಾಯಿ ಎಲ್ಲಿದೆ ಅಂತ ಹುಡುಕಿ.

ಇನ್ನು ದನ ಕುರಿ ದಾಟದ ಹಾಗೆ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಸರಳು ಹಾಸಿರುತ್ತಾರೆ. ಅದರ ಮೇಲೆ ನೇರವಾಗಿ ಹೋಗಬೇಕು. ಬ್ರೇಕ್ ಬೇಡ, ತಿರುಗಿಸುವುದು ಬೇಡ, ಪೆಡಲ್ ಎರಡೂ ಒಂದೇ ಮಟ್ಟದಲ್ಲಿ ಇಟ್ಟು ಸೀಟಿನಿಂದ ಸ್ವಲ್ಪ ಮೇಲೆದ್ದು, ಮೊಣಕೈ ಸಡಿಲ ಬಿಡಿ. ಗಡಗಡ ಅಂತ ಒಂದು ಸದ್ದು ಬರುತ್ತದೆ, ಮುಗಿಯಿತು. ಒದ್ದೆ ಸರಳಿನ ಮೇಲೆ ಬ್ರೇಕ್ ಹಿಡಿದರೆ ಮಾತ್ರ ನೆಲವೇ ಗತಿ.

ದಾರಿಹೋಕ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಾನು ಒಂದು ವಿಷಯದಲ್ಲಿ ಒಪ್ಪುವುದಿಲ್ಲ. ಸುಮ್ನೆ ಹೋಗಿ ಹೋಗಿ ಅನ್ನಬಾರದು. ಕೆರ್ಫಿಲಿ ಬೆಟ್ಟ ಹತ್ತು ನಿಮಿಷದ ಕೆಲಸ. ಅರ್ಧ ಗಂಟೆ ಒಂದೇ ಸಮ ಏರಿ ಅಭ್ಯಾಸ ಇಲ್ಲದವರು ಅವತ್ತೇ ಮೊದಲ ಸಲ ಮಾಡಬಾರದು. ಈ ತಿಂಗಳಲ್ಲಿ ಒಮ್ಮೆ ಅಬರ್ಗವೆನ್ನಿಗೆ ಹೋಗಿ ಟಂಬಲ್ ಬೆಟ್ಟ ಹತ್ತಿ ನೋಡಿ. ಗೊವಿಲಾನ್‌ನಿಂದ ಬ್ಲೈನಾವನ್ ಕಡೆ ಹೋಗುವ ಬಿ4246 ರಸ್ತೆ. ಬುಲ್ಖ್‌ಗಿಂತ ಕಡಿದು. ಮೊದಲ ಅರ್ಧ ಮರಗಳ ಕೆಳಗೆ, ಅದೇ ಕಷ್ಟದ ಭಾಗ. ಅದನ್ನು ನೆಲಕ್ಕೆ ಕಾಲಿಡದೆ ಹತ್ತಿದರೆ ಕಣಿವೆ ಸುತ್ತಿನ ಚಿಂತೆ ಬಿಡಿ. 2014ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರಸ್ತೆ ಸ್ಪರ್ಧೆ ಅದೇ ಬೆಟ್ಟದ ಮೇಲೆ ಹೋಗಿತ್ತು. ಆಚೆ ಇಳಿದರೆ ಬಿಗ್ ಪಿಟ್ ಗಣಿ ಮ್ಯೂಸಿಯಂ ಇದೆ, ಮ್ಯೂಸಿಯಂಗೆ ಪ್ರವೇಶ ಶುಲ್ಕ ಇಲ್ಲ, ಟೀ ಕುಡಿಯಬಹುದು.

ಹೇ-ಆನ್-ವೈಯಿಂದ ಗಾಸ್ಪೆಲ್ ಪಾಸ್ ಇನ್ನೂ ಚಂದ. ವೇಲ್ಸ್‌ನಲ್ಲಿ ಅದಕ್ಕಿಂತ ಎತ್ತರದ ಸಾರ್ವಜನಿಕ ಟಾರು ರಸ್ತೆ ಇಲ್ಲ, 549 ಮೀಟರ್. ಆದರೆ ಅದು ಆಮೇಲೆ ಇರಲಿ.

ಹೊಸ ಸವಾರ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. 34ರ ಕ್ಯಾಸೆಟ್ ಹಾಕಿಸಲು ಕೊಟ್ಟಿದ್ದೇನೆ, ಡಿರೇಲರ್ ತಡೆಯುತ್ತದಂತೆ, ಚೈನ್ ಮಾತ್ರ ಹೊಸದು ಬೇಕಾಯಿತು. ಮಳೆಹನಿ ಅಕ್ಕ, ಕುರಿಮರಿ ವಿಷಯ ನನಗೆ ಹೊಳೆದೇ ಇರಲಿಲ್ಲ.

ಇನ್ನೆರಡು ಪ್ರಶ್ನೆ. ದಾರಿಯಲ್ಲಿ ಊಟ ತಿಂಡಿಗೆ ಏನು ಮಾಡುತ್ತೀರಿ? ಮತ್ತೆ ರಿಗೋಸ್ ಮಧ್ಯದಲ್ಲಿ ಆಗದೇ ಹೋದರೆ ಇಳಿದು ತಳ್ಳಿಕೊಂಡು ಹೋದರೆ ತಪ್ಪಾ?

ಕಣಿವೆಯವನು:

ತಳ್ಳುವುದು ಯಾಕೆ ತಪ್ಪು? ನಾನೇ ತಳ್ಳಿದ್ದೇನೆ, ಎರಡು ಸಲ. ಬೆಟ್ಟ ಹತ್ತಿದ್ದು ಹತ್ತಿದ್ದೇ. ಆದರೆ ತಳ್ಳಲು ಶುರು ಮಾಡುವ ಮೊದಲು ಒಂದು ಕೆಲಸ ಮಾಡಿ. ರಸ್ತೆ ಪಕ್ಕ ಸರಿದು ನಿಂತು, ಏನಾದರೂ ಒಂದು ಚೂರು ತಿಂದು, ನೂರು ಎಣಿಸಿ. ಹತ್ತಕ್ಕೆ ಎಂಟು ಸಲ ಮತ್ತೆ ಹತ್ತಬಹುದು ಅನ್ನಿಸುತ್ತದೆ. ಏರಿನಲ್ಲಿ ಮತ್ತೆ ಹೊರಡುವಾಗ ರಸ್ತೆಗೆ ಓರೆಯಾಗಿ ಹೊರಡಬೇಕು, ಕಾರು ಬರುತ್ತಿಲ್ಲ ಅಂತ ನೋಡಿಕೊಂಡು. ನೇರ ಹೊರಟರೆ ಎರಡನೇ ಕಾಲು ಪೆಡಲ್‌ಗೆ ಸಿಗುವ ಮೊದಲೇ ಸೈಕಲ್ ನಿಂತುಬಿಡುತ್ತದೆ.

ತಿನ್ನುವುದು: ಹಸಿವು ಆದಮೇಲೆ ತಿಂದರೆ ತಡವಾಯಿತು. ಮುಕ್ಕಾಲು ಗಂಟೆಗೆ ಒಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳಿ. ಬಾಳೆಹಣ್ಣು, ಮತ್ತೆ ನಾಲ್ಕು ವೆಲ್ಷ್ ಕೇಕ್ (ಕಾವಲಿ ಮೇಲೆ ಬೇಯಿಸಿದ ಚಪ್ಪಟೆ ಸಿಹಿ ಬಿಲ್ಲೆ) ಕಾಗದದಲ್ಲಿ ಸುತ್ತಿ ಬೆನ್ನಿನ ಜೇಬಿಗೆ. ಪುಡಿಯಾಗುವುದಿಲ್ಲ, ಒಣದ್ರಾಕ್ಷಿ ಇರುತ್ತದೆ, ಸಿಹಿ ಹಿತವಾಗಿರುತ್ತದೆ. ನೀತ್‌ನಲ್ಲಿ ಎಲ್ಲಾದರೂ ಕೂತು ಸರಿಯಾಗಿ ತಿನ್ನಿ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ. ಬಾಟಲಿ ಎರಡೂ ಗ್ಲಿನ್‌ನೀತ್‌ನಲ್ಲಿ ತುಂಬಿಸಿ. ಅಲ್ಲಿಂದ ಹಿರ್ವೈನ್‌ಗೂ ಏರೇ, ಕಣ್ಣಿಗೆ ಗೊತ್ತಾಗುವುದಿಲ್ಲ, ಕಾಲಿಗೆ ಗೊತ್ತಾಗುತ್ತದೆ.

ಕಮ್ಮರ್ ಕಡೆ ಇಳಿಯುವಾಗ ಒಂದು ವಿಷಯ ನೆನಪಿಗೆ ಇರಲಿ. ಬ್ಲೈನ್‌ಗ್ವಿನ್‌ವಿ ಹತ್ತಿರ ನಿಮ್ಮ ಬದಿಯ ಬೆಟ್ಟದ ಹೊಟ್ಟೆಯಲ್ಲಿ ಹಳೆ ರೈಲು ಸುರಂಗ ಇದೆ. ಸುಮಾರು 3.1 ಕಿ.ಮೀ. ಉದ್ದ, 1890ರಲ್ಲಿ ತೆರೆದದ್ದು, 1968ರಲ್ಲಿ ಮುಚ್ಚಿದರು. ಅದನ್ನು ನಡೆಯುವವರಿಗೂ ಸೈಕಲ್‌ನವರಿಗೂ ಮತ್ತೆ ತೆರೆಸಬೇಕು ಅಂತ ಊರಿನವರು ಎಷ್ಟೋ ವರ್ಷದಿಂದ ಓಡಾಡುತ್ತಿದ್ದಾರೆ. ಅದು ತೆರೆದರೆ ಮಕ್ಕಳನ್ನು ಕರೆದುಕೊಂಡು ಒಂದು ಕಣಿವೆಯಿಂದ ಇನ್ನೊಂದಕ್ಕೆ ಬೆಟ್ಟ ಹತ್ತದೆ ಹೋಗಬಹುದು. ನನಗಂತೂ ಅದು ಬೇಗ ಆಗಲಿ ಅಂತ ತುಂಬಾ ಆಸೆ.

ರಿಗೋಸ್ ಬಗ್ಗೆ. ಹಿರ್ವೈನ್ ಕಡೆಯಿಂದ ಸುಮಾರು 5 ಕಿ.ಮೀ. ಏರು, ಮೇಲೆ 490 ಮೀಟರ್ ಹತ್ತಿರ. ಬುಡದಲ್ಲೇ ಟವರ್ ಗಣಿ ಇತ್ತು. 1994ರಲ್ಲಿ ಸರ್ಕಾರದ ಕಂಪನಿ ಇದು ಲಾಭ ಇಲ್ಲ ಅಂತ ಮುಚ್ಚಿತು. ಆಗ 239 ಜನ ಗಣಿ ಕೆಲಸದವರು, ಕೆಲಸ ಹೋದಾಗ ಬಂದ ದುಡ್ಡಿನಿಂದ ತಲಾ 8,000 ಪೌಂಡ್ ಹಾಕಿ ಗಣಿಯನ್ನೇ ಕೊಂಡರು. 1995ರ ಜನವರಿಯಲ್ಲಿ ಮತ್ತೆ ಒಳಗೆ ಇಳಿದರು. ಕಲ್ಲಿದ್ದಲು ಮುಗಿಯುವವರೆಗೆ, 2008ರವರೆಗೆ, ತಾವೇ ನಡೆಸಿದರು. ನಮ್ಮ ಬೀದಿಯ ಒಬ್ಬ ಅಜ್ಜ ಅಲ್ಲಿ ಕೆಲಸ ಮಾಡಿದವರು. ನಾನು ಸೈಕಲ್ ಹಿಡಿದು ಹೊರಟರೆ ಬಾಗಿಲಲ್ಲಿ ನಿಂತು, ಇವತ್ತು ರಿಗೋಸಾ ಅಂತ ಕೇಳುತ್ತಾರೆ. ಆ ರಸ್ತೆಯಲ್ಲಿ ಕಾಲು ಸೋತಾಗ ನನಗೆ ಅವರ ಮುಖ ನೆನಪಾಗುತ್ತದೆ.

ಅರ್ಧ ಏರಿದ ಮೇಲೆ ಕೆಳಗೆ ಒಂದು ಕೆರೆ ಕಾಣಿಸುತ್ತದೆ, ಅದರ ಹಿಂದೆ ಕಡಿದಾದ ಬಂಡೆ ಗೋಡೆ. ಅಲ್ಲಿ ಗಾಳಿ ಸುತ್ತಿ ಹೊಡೆಯುತ್ತದೆ, ಹ್ಯಾಂಡಲ್ ಗಟ್ಟಿ ಹಿಡಿಯಿರಿ. ಹೊರಡುವ ಹಿಂದಿನ ದಿನ ಈ ರಸ್ತೆ ತೆರೆದಿದೆಯಾ ಅಂತಲೂ ನೋಡಿ. ಬಂಡೆ ಜಾರುವ ಭಯಕ್ಕೆ ಇದನ್ನು ತಿಂಗಳುಗಟ್ಟಲೆ ಮುಚ್ಚಿದ್ದೂ ಉಂಟು.

ಮಳೆಹನಿ:

ಇನ್ನೊಂದು ಸೇರಿಸುತ್ತೇನೆ. ಟ್ರಿಹರ್ಬರ್ಟ್‌ಗೆ ಇಳಿದ ಮೇಲೆ ಮುಗಿಯಿತು ಅಂತ ಮೈಮರೆಯಬೇಡಿ. ಅಲ್ಲಿಂದ ಟ್ರಿಯಾರ್ಕಿವರೆಗೆ ಮನೆ ಸಾಲು, ನಿಂತ ಕಾರು. ಸುಸ್ತಾದವರು ಕಾರಿನ ಪಕ್ಕಕ್ಕೆ ತೀರಾ ಅಂಟಿಕೊಂಡು ಹೋಗುತ್ತಾರೆ. ಯಾರಾದರೂ ಬಾಗಿಲು ತೆಗೆದರೆ ಗೋವಿಂದ. ಒಂದು ಬಾಗಿಲಿನಷ್ಟು ದೂರ ಬಿಟ್ಟೇ ಹೋಗಿ. ಹಿಂದೆ ಕಾರಿನವರು ಕಾಯಲಿ. 2023ರ ಸೆಪ್ಟೆಂಬರ್‌ನಿಂದ ವೇಲ್ಸ್‌ನ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ಅವರಿಗೂ 20 ಮೈಲಿಯೇ ಮಿತಿ.

ಹೊಸ ಸವಾರ:

ನಿನ್ನೆ ಭಾನುವಾರ ಒಬ್ಬನೇ ಟ್ರಿಯಾರ್ಕಿಗೆ ರೈಲಲ್ಲಿ ಹೋಗಿ ಬುಲ್ಖ್ ಒಂದನ್ನೇ ಹತ್ತಿ ಬಂದೆ. ಟಂಬಲ್‌ಗೆ ಹೋಗಲು ಆಗಲಿಲ್ಲ, ದಾರಿಹೋಕರೇ ಬೇಜಾರಾಗಬೇಡಿ. 31 ನಿಮಿಷ ಆಯಿತು. ನಿಲ್ಲಲಿಲ್ಲ. ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಚಿಕ್ಕಂದಿನಲ್ಲಿ ಕಲಿತ ಮಗ್ಗಿ ಜೋರಾಗಿ ಹೇಳುತ್ತಾ ಹತ್ತಿದೆ. ಹದಿಮೂರರ ಮಗ್ಗಿ ಹೊತ್ತಿಗೆ ಉಸಿರು ಸಿಗುತ್ತಿರಲಿಲ್ಲ, ಗೇರ್ ಇಳಿಸಿದೆ, ಮತ್ತೆ ಸಿಕ್ಕಿತು. ಮೇಲೆ ಮೋಡ. ಐಸ್‌ಕ್ರೀಮ್ ಗಾಡಿ ಇರಲಿಲ್ಲ, ಎದುರಿನ ಬೆಟ್ಟ ಕೂಡ ಕಾಣಿಸಲಿಲ್ಲ. ಆದರೂ ಅಲ್ಲಿ ನಿಂತಾಗ ಆದ ಖುಷಿ ಹೇಳಲು ಆಗುವುದಿಲ್ಲ.

ಕೋಟು ಹಾಕಿಕೊಂಡು ಇಳಿದೆ. ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು. ಗಂಟೆಗೆ 44 ಹೋಗಿದ್ದೆ ಅಂತ ಆಮೇಲೆ ನೋಡಿದಾಗ ಗೊತ್ತಾಯಿತು. ಹೋಗುವಾಗ ಗೊತ್ತೇ ಆಗಲಿಲ್ಲ.

ಪೂರ್ತಿ ಸುತ್ತಿಗೆ ಹೆಸರು ಕೊಟ್ಟಿದ್ದೇನೆ. ನಮ್ಮ ಗುಂಪು ಬೆಳಗ್ಗೆ ಎಂಟೂವರೆಗೆ ಟ್ರಿಯಾರ್ಕಿ ಸ್ಟೇಷನ್ ಹೊರಗೆ ಸೇರುತ್ತದೆ. ನಿಮ್ಮಲ್ಲಿ ಯಾರಾದರೂ ಬರುತ್ತೀರಾ?

ಕಣಿವೆಯವನು:

ಬರ್ತೀನಿ. ಕೊನೆಯಲ್ಲಿ ನಿಮ್ಮ ಜೊತೆ ಇರ್ತೀನಿ. ರಿಗೋಸ್‌ನಲ್ಲಿ ಹದಿಮೂರರ ಮಗ್ಗಿ ಇಬ್ಬರೂ ಸೇರಿ ಹೇಳೋಣ.

ಮಳೆಹನಿ:

ನಾನೂ. ವೆಲ್ಷ್ ಕೇಕ್ ನಾನು ಮಾಡಿ ತರುತ್ತೇನೆ, ಯಾರೂ ಕೊಳ್ಳಬೇಡಿ.